ಆತುರ ಬೀಜಕ್ಕಿರಲಿ, ನಿನಗೆ ಬೇಡ

ಮಗು, ಕೆನಡಾದ ಎಡ್ಮಂಟನ್ನಿನಲ್ಲಿ ಏಪ್ರಿಲ್ ತಿಂಗಳ ಎರಡು ದಿನ ಬಿಸಿಲು ಬಿದ್ದರೆ ಸಾಕು, ನಿನ್ನ ಕೈ ಸುಮ್ಮನಿರುವುದಿಲ್ಲ. ಬೇಲಿಯ ಮೂಲೆಯಲ್ಲಿ ಇನ್ನೂ ಹಿಮದ ಗುಡ್ಡೆ ಕರಗಿರುವುದಿಲ್ಲ, ನೀನಾಗಲೇ ಗುದ್ದಲಿ ಹಿಡಿದಿರುತ್ತೀಯೆ. ಬೀಜದ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಹರಡಿರುತ್ತೀಯೆ: ಅವರೆ, ತೊಗರಿ, ಹೀರೆ, ಸೋರೆ, ಬದನೆ, ಮೆಣಸು, ಈರುಳ್ಳಿ. ಹೊಸ ಮನೆ ಕೊಂಡವರು ಮೊದಲು ದೊಡ್ಡ ಟಿವಿ ತರುತ್ತಾರೆ. ನೀನು ಪಾಲಿಕಾರ್ಬೊನೇಟ್ ಹಾಳೆಯ ಹಸಿರುಮನೆ ತಂದು ನಿಲ್ಲಿಸಿದೆ. ಒಳ್ಳೆಯ ಬುದ್ಧಿ. ಮಣ್ಣು ಮುಟ್ಟುವ ಆಸೆ ಇರುವವರನ್ನು ಕಂಡರೆ ನನಗೆ ಯಾವತ್ತೂ ಪ್ರೀತಿ. ಆದರೆ ನಿನಗೆ ಆತುರ ಜಾಸ್ತಿ. ಈ ಸೀಮೆಯಲ್ಲಿ ಆತುರ ಇರಬೇಕಾದ್ದು ಬೀಜಕ್ಕೆ. ಬಿತ್ತುವವರಿಗೆ ಬೇಕಾದ್ದು ತಾಳ್ಮೆ. ನಾನು ಇವತ್ತು ಹೇಳುವುದೆಲ್ಲ ಈ ಒಂದು ಮಾತನ್ನೇ ಬಿಡಿಸಿ ಹೇಳುವುದು.

ಮೊದಲು ಲೆಕ್ಕ ಹಾಕುವುದನ್ನು ಕಲಿ. ಎಲೆಯ ಮೇಲಿನ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳನ್ನು ಇಲ್ಲಿ ನಾವೆಲ್ಲ ಫ್ರಾಸ್ಟ್ ಅನ್ನುತ್ತೇವೆ. ಅವು ಮೇ ತಿಂಗಳ ನಡುವಿನವರೆಗೂ ಬರುತ್ತವೆ. ಕೆಲವು ವರ್ಷ ಜೂನ್ ಮೊದಲ ವಾರದಲ್ಲೂ ಬಂದು ಹೋಗುತ್ತವೆ. ಸೆಪ್ಟೆಂಬರ್ ನಡುವಿಗೆ ಮತ್ತೆ ಹಾಜರು. ಹೀಗಾಗಿ ನಿನಗೆ ಸಿಗುವುದು ನಾಲ್ಕು ತಿಂಗಳು. ಅದರಲ್ಲೂ ಸೆಪ್ಟೆಂಬರಿನ ತಣ್ಣನೆ ರಾತ್ರಿಗಳಲ್ಲಿ ಗಿಡ ಬದುಕಿರುತ್ತದೆ, ಬೆಳೆಯುವುದಿಲ್ಲ. ಕೈಗೆ ಬರುವುದು ನೂರು ದಿನ ಅಂತ ಇಟ್ಟುಕೋ. ಈಗ ಪೊಟ್ಟಣ ತಿರುಗಿಸಿ ಓದು. ಟೊಮೇಟೊಗೆ 65 ದಿನ ಅಂತ ಬರೆದಿದ್ದರೆ ಅದು ಸಸಿ ನೆಟ್ಟ ದಿನದಿಂದ. ಬೀನ್ಸಿಗೆ 55 ದಿನ ಅಂದರೆ ಬೀಜ ಹಾಕಿದ ದಿನದಿಂದ. ಇಲ್ಲಿಯ ತಂಪಿಗೆ ಅದರ ಮೇಲೆ ಇನ್ನೂ ಒಂದೆರಡು ವಾರ ಸೇರಿಸು. 90 ದಿನದ ದೊಡ್ಡ ಟೊಮೇಟೊ ಪೊಟ್ಟಣದ ಚಿತ್ರದಲ್ಲಿ ಬಹಳ ಚೆಂದ. ನಿನ್ನ ಹಿತ್ತಲಲ್ಲಿ ಅದು ಹಸಿರಾಗಿಯೇ ಚಳಿಗೆ ಸಿಕ್ಕಿಬೀಳುತ್ತದೆ. ಇದೇ ಪ್ರಾಂತ್ಯದ ಬೀವರ್‌ಲಾಜ್ ಸಂಶೋಧನಾ ಕೇಂದ್ರದಲ್ಲಿ ಸಬ್-ಆರ್ಕ್‌ಟಿಕ್ ಅನ್ನುವ ಟೊಮೇಟೊ ತಳಿಗಳನ್ನು ಮಾಡಿದರು. ಹಣ್ಣು ಚಿಕ್ಕದು, ಗಿಡ ಕುಳ್ಳು, ಆದರೆ ಹೇಳಿದ ಹೊತ್ತಿಗೆ ಕೆಂಪಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಹಣದ ವಿಷಯಕ್ಕೆ ಮಾತ್ರ ಅಂದುಕೊಂಡಿದ್ದೆಯಾ? ಋತುವಿಗೂ ಅದೇ.

ನಾಲ್ಕು ದಿನದ ವ್ಯತ್ಯಾಸ ಏನು ಮಹಾ ಅನ್ನಬೇಡ. ಪ್ರೇರಿ ಅನ್ನುವ ಈ ಬಯಲು ನಾಡೇ ಅಂಥ ನಾಲ್ಕು ದಿನದಿಂದ ಉದ್ಧಾರವಾದದ್ದು. ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿಯ ರೈತರು ರೆಡ್ ಫೈಫ್ ಅನ್ನುವ ಗೋಧಿ ಬೆಳೆಯುತ್ತಿದ್ದರು. ಹಿಟ್ಟು ಉತ್ತಮ, ಇಳುವರಿ ಒಳ್ಳೆಯದು, ಆದರೆ ಮಾಗುವುದು ತಡ. ಎಷ್ಟೋ ವರ್ಷ ಕೊಯ್ಲಿಗೆ ಮೊದಲೇ ಫ್ರಾಸ್ಟ್ ಬಂದು ಕಾಳು ಮುರುಟುತ್ತಿತ್ತು. ಅದನ್ನು ನಮ್ಮ ಭಾರತದಿಂದ ಬಂದ, ಬೇಗ ಮಾಗುವ ಹಾರ್ಡ್ ರೆಡ್ ಕಲ್ಕತ್ತಾ ಗೋಧಿಯ ಜೊತೆ 1892ರಲ್ಲಿ ಕೂಡಿಸಿದರು. ಆ ಕೂಡಿಕೆಯಲ್ಲಿ ಹುಟ್ಟಿದ್ದನ್ನು ಒಟ್ಟಾವಾದಲ್ಲಿ ಚಾರ್ಲ್ಸ್ ಸಾಂಡರ್ಸ್ ಅನ್ನುವವರು ಒಂದೊಂದು ತೆನೆಯಾಗಿ ಬೇರ್ಪಡಿಸಿದರು. ಕಾಳನ್ನು ಬಾಯಲ್ಲಿ ಅಗಿದು, ಹಿಟ್ಟಿನ ಜಿಗುಟು ನೋಡಿ ಆರಿಸುತ್ತಿದ್ದರು. ಹಾಗೆ ಬಂದದ್ದು ಮಾರ್ಕ್ವಿಸ್ ಗೋಧಿ. ಅದು ರೆಡ್ ಫೈಫಿಗಿಂತ ಬೇಗ ಮಾಗುತ್ತಿದ್ದದ್ದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟಕ್ಕೇ ಸ್ವಲ್ಪ ಕಾಲದಲ್ಲಿ ಪ್ರೇರಿಯ ಬಹುಪಾಲು ಗೋಧಿ ಹೊಲ ಅದರದಾಯಿತು. ನೋಡು, ಬೀಜ ಆತುರದ್ದು. ಆರಿಸಿದವರು ವರ್ಷಗಟ್ಟಲೆ ಕಾದವರು.

ಈಗ ನಿನ್ನ ಅವರೆ ವಿಷಯಕ್ಕೆ ಬರೋಣ. ಬಳ್ಳಿ ಹಸಿರುಮನೆಯ ಚಾವಣಿ ಮುಟ್ಟಿತು, ಎಲೆ ಅಂಗೈಯಗಲ ಬಂತು, ಒಂದೇ ಒಂದು ಹೂ ಇಲ್ಲ ಅಂತ ಮುಖ ಸಣ್ಣ ಮಾಡಿಕೊಂಡಿದ್ದೆ. ಗೊಬ್ಬರ ಸಾಲದೆಂದು ಇನ್ನಷ್ಟು ಸುರಿದೆ. ಬಳ್ಳಿ ಇನ್ನೂ ಕೊಬ್ಬಿತು. ಗೊಬ್ಬರದ್ದೇನೂ ತಪ್ಪಿಲ್ಲ ಮಗು, ಸೂರ್ಯನನ್ನು ಕೇಳಬೇಕಿತ್ತು. ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ನೋಡಿ ಹೂ ಬಿಡುವ ಗಿಡ. ಊರಲ್ಲಿ ಮುಂಗಾರಿಗೆ ಹಾಕುತ್ತಾರೆ, ಹಗಲು ಕುಗ್ಗುತ್ತಾ ಬಂದ ಮೇಲೆ ಹೂವಾಗುತ್ತದೆ, ಮಾರ್ಗಶಿರ ಪುಷ್ಯದ ಇಬ್ಬನಿಗೆ ಸೊಗಡು ಏರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಎಡ್ಮಂಟನ್ನಿನಲ್ಲಿ ಜೂನ್ 21ರ ಹಗಲು ಸುಮಾರು 17 ಗಂಟೆ. ಇಷ್ಟು ಉದ್ದದ ಹಗಲನ್ನು ನೋಡಿದ ಅವರೆ ಇನ್ನೂ ಕಾಲ ಬಂದಿಲ್ಲ ಅಂತ ಎಲೆ ಬಿಡುತ್ತಲೇ ಇರುತ್ತದೆ. ಇಲ್ಲಿ ಹಗಲು ಹನ್ನೆರಡೂವರೆ ಗಂಟೆಗೆ ಇಳಿಯುವುದು ಸೆಪ್ಟೆಂಬರ್ ನಡುವೆ. ಆಗ ದಿನಕ್ಕೆ ನಾಲ್ಕು ನಿಮಿಷದಂತೆ ಕುಗ್ಗುತ್ತದೆ. ಅವರೆಗೆ ಕಾಲ ಬಂತು ಅನ್ನುವಷ್ಟರಲ್ಲಿ ಫ್ರಾಸ್ಟ್ ಬಾಗಿಲಲ್ಲಿ ನಿಂತಿರುತ್ತದೆ. ನಾಟಿ ತೊಗರಿಯದೂ ಇದೇ ಹಾಡು.

ಈ ಗುಟ್ಟನ್ನು ಮೊದಲು ಚೊಕ್ಕವಾಗಿ ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್, 1920ರಲ್ಲಿ. ಅವರ ಹತ್ತಿರ ಒಂದು ತಂಬಾಕು ತಳಿ ಇತ್ತು. ಬೇಸಿಗೆಯುದ್ದಕ್ಕೂ ಬೆಳೆದು ಬೆಳೆದು ಆಳೆತ್ತರ ಮೀರುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಗಿಡವನ್ನು ದಿನಾ ಸಂಜೆ ಬೇಗ ಕತ್ತಲ ಕೋಣೆಗೆ ಸೇರಿಸಿ ಹಗಲು ಚಿಕ್ಕದು ಮಾಡಿದಾಗ ಹೂ ಬಂತು. ಗೊಬ್ಬರ, ನೀರು, ಶಾಖ ಎಲ್ಲವನ್ನೂ ಬದಲಿಸಿ ನೋಡಿ ಸೋತ ಮೇಲೆ ಸಿಕ್ಕ ಉತ್ತರ ಅದು.

ನಮ್ಮವರಿಗೂ ಈ ವಿದ್ಯೆ ಗೊತ್ತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಹೊತ್ತು ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಸಾಲುಸಾಲು ಬಲ್ಬು ಉರಿಯುವುದನ್ನು ನೀನು ನೋಡಿರಬೇಕು. ಅವು ಸೇವಂತಿಗೆ ತೋಟಗಳು. ಸೇವಂತಿಗೆಗೂ ಹೂ ಬಿಡಲು ಉದ್ದ ರಾತ್ರಿ ಬೇಕು. ಗಿಡ ಎತ್ತರ ಬರುವ ಮೊದಲೇ ಮೊಗ್ಗು ಕಚ್ಚಬಾರದು ಅಂತ ರೈತರು ದೀಪ ಹಾಕಿ ರಾತ್ರಿಯನ್ನು ತುಂಡರಿಸುತ್ತಾರೆ. ಉತ್ತರದ ಹಸಿರುಮನೆಗಳಲ್ಲಿ ಇದನ್ನೇ ತಿರುಗಿಸಿ ಮಾಡುತ್ತಾರೆ: ಬೇಸಿಗೆಯಲ್ಲಿ ಸಂಜೆ ಕಪ್ಪು ಬಟ್ಟೆ ಎಳೆದು, ಬೆಳಿಗ್ಗೆ ತೆಗೆದು, ರಾತ್ರಿಯನ್ನು ಉದ್ದ ಮಾಡುತ್ತಾರೆ. ನಾಟಿ ಅವರೆಯನ್ನು ಬಿಡಲಾರೆ ಅನ್ನುವ ಹಟ ಇದ್ದರೆ ಒಂದೆರಡು ದೊಡ್ಡ ಕುಂಡದಲ್ಲಿ ಹಾಕಿ ನೀನೂ ಹೀಗೆ ಮಾಡಿ ನೋಡು. ಆದರೆ ಒಂದು ದಿನವೂ ತಪ್ಪಬಾರದು. ವಾರಾಂತ್ಯಕ್ಕೆ ಬ್ಯಾನ್ಫ್‌ಗೆ ಹೋಗಿದ್ದೆ, ಬಟ್ಟೆ ಮುಚ್ಚಲಾಗಲಿಲ್ಲ ಅನ್ನುವ ನೆಪವನ್ನು ಗಿಡ ಕೇಳುವುದಿಲ್ಲ. ಬೀದಿ ದೀಪದ ಬೆಳಕು ಒಳಗೆ ಬಿದ್ದರೂ ಲೆಕ್ಕ ಕೆಡುತ್ತದೆ.

ಅಷ್ಟು ತಾಪತ್ರಯ ಬೇಡವಾದರೆ ಬೀಜ ಬದಲಿಸು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅನ್ನುವ ತಳಿಗಳನ್ನು ಕೊಟ್ಟಿದ್ದಾರೆ. ಅವು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ. ಗಿಡವೂ ಗಿಡ್ಡ. ಊರಲ್ಲಿ ವರ್ಷವಿಡೀ ಅವರೆಕಾಯಿ ಸಿಗುವುದಕ್ಕೆ ಅಂಥ ತಳಿಗಳೇ ಕಾರಣ. ಸೊಗಡು ನಾಟಿಯಷ್ಟು ಇರುವುದಿಲ್ಲ, ಒಪ್ಪುತ್ತೇನೆ. ಆದರೂ ಬರಿ ಎಲೆ ನೋಡಿಕೊಂಡು ಕೂರುವುದಕ್ಕಿಂತ ಒಂದು ಪಾತ್ರೆ ಸಾರು ಮೇಲು. ಒಂದು ಎಚ್ಚರಿಕೆ: ಬೀಜವನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿ ತರುವ ಬುದ್ಧಿ ಬೇಡ. ಏನು ತರಬಹುದು, ಯಾವ ಪತ್ರ ಬೇಕು ಅಂತ ಮೊದಲೇ ವಿಚಾರಿಸು. ವಿಮಾನ ನಿಲ್ದಾಣದಲ್ಲಿ ಬಾಯಿಬಿಟ್ಟು ಹೇಳು. ಒಂದು ಹೊಸ ಹುಳ, ಒಂದು ಹೊಸ ರೋಗ ಬಂದರೆ ನಷ್ಟ ನಿನ್ನೊಬ್ಬನದಾಗುವುದಿಲ್ಲ.

ಈರುಳ್ಳಿಯಲ್ಲೂ ಹೀಗೇ ಏಮಾರಬೇಡ. ನಮ್ಮ ಕಡೆಯ ಈರುಳ್ಳಿ ಹನ್ನೆರಡು ಗಂಟೆಯ ಹಗಲಿಗೇ ಗೆಡ್ಡೆ ಕಟ್ಟುವ ಜಾತಿ. ಇಲ್ಲಿ ನೆಟ್ಟರೆ ನಾಲ್ಕು ಎಲೆ ಬರುವುದರೊಳಗೆ ಗೆಡ್ಡೆ ಕಟ್ಟಿ, ಗೋಲಿ ಗಾತ್ರಕ್ಕೆ ನಿಂತುಬಿಡುತ್ತದೆ. ಉದ್ದ ಹಗಲಿನ ಈರುಳ್ಳಿ ಅಂತ ಕೇಳಿ ತೆಗೆದುಕೋ. ಕೊತ್ತಂಬರಿ ಜೂನಿನ ಉದ್ದ ಹಗಲಿಗೆ ಎಲೆ ಬಿಟ್ಟು ಹೂವಿಗೆ ಓಡುತ್ತದೆ. ಏಪ್ರಿಲ್ ಕೊನೆಗೆ ಒಂದು ಸಲ, ಆಗಸ್ಟಿನಲ್ಲಿ ಇನ್ನೊಂದು ಸಲ ಚೆಲ್ಲು. ಮೆಂತ್ಯಕ್ಕೆ ಐದು ವಾರ ಸಾಕು. ಮೂಲಂಗಿ, ಬಟಾಣಿ, ಬೀಟ್‌ರೂಟ್, ಗಜ್ಜರಿ, ನವಿಲುಕೋಸು ಈ ತಂಪಿಗೆ ಹೇಳಿಮಾಡಿಸಿದವು. ಅದರಲ್ಲೂ ಇಲ್ಲಿಯ ನವಿಲುಕೋಸಿನ ಹುಳಿ ಮಾಡಿ ತಿಂದು ನೋಡು, ಮಾರುಕಟ್ಟೆಯದು ಮತ್ತೆ ರುಚಿಸುವುದಿಲ್ಲ. ಹಿತ್ತಲಿನ ಅರ್ಧವನ್ನು ಈ ನೆಲ ಸಲೀಸಾಗಿ ಕೊಡುವುದಕ್ಕೆ ಬಿಡು. ಉಳಿದರ್ಧದಲ್ಲಿ ನಿನ್ನ ಊರಿನ ಹಂಬಲ ಬೆಳೆಸಿಕೋ.

ನೀನು ಕೇಳಲು ಹಿಂಜರಿದು ಮಾತು ಹಾರಿಸಿದೆಯಲ್ಲ, ಆ ಗಿಡದ ವಿಷಯವನ್ನೂ ಹೇಳಿಬಿಡುತ್ತೇನೆ. ಮುಚ್ಚುಮರೆ ಯಾಕೆ? 2018ರ ಅಕ್ಟೋಬರ್ 17ರಿಂದ ಈ ದೇಶದಲ್ಲಿ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ದೇಶದ ಕಾಯ್ದೆ ಮನೆಗೆ ನಾಲ್ಕು ಗಿಡ ಅನ್ನುತ್ತದೆ. ಅದರ ಮೇಲೆ ಪ್ರಾಂತ್ಯಗಳ ಕಟ್ಟಳೆ ಬೇರೆ. ಕ್ವಿಬೆಕ್ ಮನೆಯಲ್ಲಿ ಬೆಳೆಯುವುದನ್ನೇ ನಿಷೇಧಿಸಿತು; 2023ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿ ಅಂದಿತು. ಆದ್ದರಿಂದ ನೀನಿರುವ ಪ್ರಾಂತ್ಯದ ನಿಯಮ ಓದದೆ ಕೈ ಹಾಕಬೇಡ. ಗಿಡದ ಗುಣ ಕೇಳಿದರೆ ಅದೂ ಅವರೆಯ ದಾಯಾದಿಯೇ: ಹಗಲು ಕುಗ್ಗಿದ ಮೇಲೆ ಹೂ ಬಿಡುತ್ತದೆ, ಸೆಪ್ಟೆಂಬರಿನ ಥಂಡಿಗೆ ಸಿಕ್ಕಿ ದಟ್ಟ ಹೂಗೊಂಚಲ ಒಳಗೇ ಬೂದು ಬೂಷ್ಟು ಹಿಡಿದು ಕೊಳೆಯುತ್ತದೆ. ಉತ್ತರದ ಸೀಮೆಯ ಒಂದು ಕುಳ್ಳ ಜಾತಿ ಮಾತ್ರ ಹಗಲನ್ನು ಕಾಯದೆ ವಯಸ್ಸಿಗೆ ಬಂದಾಗ ಹೂ ಬಿಡುತ್ತದೆ. ಫಿನ್ಲೆಂಡಿನವರು ಹಾಗೆ ಬೇಗ ಹೂ ಬಿಡುವ ಫಿನೋಲಾ ಅನ್ನುವ ಸೆಣಬಿನ ತಳಿ ಮಾಡಿದರು; ಅದರಲ್ಲಿ ಅಮಲಿಲ್ಲ, ಬೀಜಕ್ಕೆಂದೇ ಬೆಳೆಯುತ್ತಾರೆ. 1998ರಲ್ಲಿ ಇಂಥ ಸೆಣಬಿಗೆ ಕೆನಡಾ ಒಪ್ಪಿಗೆ ಕೊಟ್ಟ ಮೇಲೆ ಪ್ರೇರಿಯ ಹೊಲಗಳಲ್ಲೂ ಅದು ಬಂತು. ಇಷ್ಟು ಗಿಡದ ಮಾತು. ಇನ್ನು ನಿನ್ನ ಮಾತು: ಇಪ್ಪತ್ತೈದರ ಹೊತ್ತಿನವರೆಗೂ ಮಿದುಳು ಬಲಿಯುತ್ತಲೇ ಇರುತ್ತದೆ, ಆ ವಯಸ್ಸಲ್ಲಿ ಅಮಲಿನ ಸಹವಾಸ ಒಳ್ಳೆಯದಲ್ಲ. ಗಡಿಯಾಚೆ ಅದರ ಒಂದೆಳೆಯನ್ನೂ ಒಯ್ಯಬೇಡ. ಊರಲ್ಲಿ 1985ರ ಮಾದಕ ವಸ್ತು ಕಾಯ್ದೆ ಇದೆ, ಅಲ್ಲಿ ಕೆನಡಾದ ಮಾತು ನಡೆಯುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಆ ಗಿಡದ ಯೋಚನೆಯನ್ನೇ ಬಿಡು.

ಈಗ ಹಸಿರುಮನೆ. ಅದನ್ನು ಕಟ್ಟಿದವರೆಲ್ಲ ಚಳಿ ಗೆದ್ದೆ ಅಂದುಕೊಳ್ಳುತ್ತಾರೆ. ಏಪ್ರಿಲಿನ ಬಿಸಿಲಲ್ಲಿ ಬಾಗಿಲು ಮುಚ್ಚಿದ ಹಸಿರುಮನೆ ಬಿಸಿಲಿಗೆ ನಿಲ್ಲಿಸಿದ ಕಾರಿನ ಹಾಗೆ. ಹೊರಗೆ 10 ಡಿಗ್ರಿ ಇದ್ದಾಗಲೂ ಒಳಗೆ 40 ಮುಟ್ಟುತ್ತದೆ, ಎಳೆ ಸಸಿ ಬೆಂದುಹೋಗುತ್ತದೆ. ರಾತ್ರಿಯೋ, ಆ ಶಾಖವೆಲ್ಲ ತೆಳು ಹಾಳೆಯಿಂದ ಸೋರಿ, ಬೆಳಗಿನ ಜಾವಕ್ಕೆ ಒಳಗೂ ಹೊರಗೂ ಒಂದೆರಡು ಡಿಗ್ರಿಯ ವ್ಯತ್ಯಾಸ ಉಳಿದರೆ ಹೆಚ್ಚು. ಆದ್ದರಿಂದ ಎರಡು ಕೆಲಸ ಮಾಡು. ಉತ್ತರದ ಗೋಡೆಗೆ ಕಪ್ಪು ಡ್ರಮ್ಮುಗಳಲ್ಲಿ ನೀರು ತುಂಬಿಡು. ಹಗಲು ಕಾದ ನೀರು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಮೇಲಿನ ಕಿಟಕಿಗೆ ಮೇಣ ತುಂಬಿದ ಕೊಳವೆಯ ಸಾಧನ ಹಾಕು. ಬಿಸಿಗೆ ಮೇಣ ಹಿಗ್ಗಿ ಕಿಟಕಿ ತಾನೇ ತೆರೆಯುತ್ತದೆ, ತಣ್ಣಗಾದಾಗ ಮುಚ್ಚುತ್ತದೆ. ಕರೆಂಟು ಬೇಡ. ನೀನು ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರೂ ಗಿಡ ಉಸಿರಾಡುತ್ತದೆ.

ನೀರು ಬೆಳಿಗ್ಗೆ ಹಾಕು, ಬುಡಕ್ಕೆ ಹಾಕು. ಸಂಜೆ ಎಲೆಗೆಲ್ಲ ಚಿಮುಕಿಸಿ ಬಾಗಿಲು ಹಾಕಿಕೊಂಡರೆ ಬೂಷ್ಟಿಗೆ ಔತಣ ಕೊಟ್ಟಂತಾಯಿತು. ಆಗಸ್ಟ್ ದಾಟಿದ ಮೇಲೆ ಸಣ್ಣ ಫ್ಯಾನು ಸದಾ ತಿರುಗುತ್ತಿರಲಿ, ಕೆಳಗಿನ ಹಳದಿ ಎಲೆ ಕಿತ್ತು ಹಾಕು. ಹೀರೆ, ಸೋರೆ ಒಳಗಿದ್ದರೆ ಕಾಯಿ ಕಚ್ಚಿಸುವ ಕೆಲಸ ನಿನ್ನದೇ. ಅವು ಸಂಜೆ ಹೊತ್ತು ಅರಳುವ ಹೂ. ಒಳಗೆ ಜೇನೂ ಬರುವುದಿಲ್ಲ, ಪತಂಗವೂ ಬರುವುದಿಲ್ಲ. ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮೆಲ್ಲಗೆ ಸವರು. ಹೆಣ್ಣುಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ, ಗುರುತು ಸುಲಭ. ಊಟವಾದ ಮೇಲೆ ಫೋನು ಕೆಳಗಿಟ್ಟು ಐದು ನಿಮಿಷ ಮಾಡುವ ಕೆಲಸ.

ಹಸಿರುಮನೆಯ ದೊಡ್ಡ ಉಪಕಾರ ಇನ್ನೊಂದಿದೆ: ಆಲಿಕಲ್ಲಿನ ಎದುರು ಅದೊಂದು ಸೂರು. ಈ ಪ್ರಾಂತ್ಯದ ಬೇಸಿಗೆಗೆ ಆಲಿಕಲ್ಲು ಹೊಸದಲ್ಲ. 2020ರ ಜೂನ್ 13ರಂದು ಈಶಾನ್ಯ ಕ್ಯಾಲ್ಗರಿಯಲ್ಲಿ ಬಿದ್ದದ್ದಕ್ಕೆ ವಿಮೆಯವರು ತೆತ್ತದ್ದು ನೂರು ಕೋಟಿ ಡಾಲರಿಗೂ ಮೇಲೆ. ಹೊರಗಿನ ಮಡಿಗಳ ಮೇಲೆ ಕಮಾನು ಬಗ್ಗಿಸಿ ಬಲೆ ಕಟ್ಟು. ಮೋಡ ಕಪ್ಪಾದ ಮೇಲೆ ಬಲೆ ಹುಡುಕುತ್ತಾ ಗ್ಯಾರೇಜಿಗೆ ಓಡಬೇಡ.

ಸಸಿಯ ವಿಷಯಕ್ಕೂ ಎರಡು ಮಾತು. ಟೊಮೇಟೊ ಬೀಜವನ್ನು ನೆಡುವುದಕ್ಕೆ ಆರೇಳು ವಾರ ಮೊದಲು ಮನೆಯೊಳಗೆ ಹಾಕು. ಮೆಣಸು ನಿಧಾನಿ, ಅದಕ್ಕೆ ಎಂಟು ಹತ್ತು ವಾರ ಬೇಕು. ಹೀರೆ ಸೋರೆಗೆ ಮೂರು ನಾಲ್ಕು ವಾರ ಸಾಕು, ಬೇರು ಅಲುಗಿದರೆ ಅವಕ್ಕೆ ಆಗುವುದಿಲ್ಲ. ಸಂಕ್ರಾಂತಿ ಮುಗಿಸಿ ಬಂದ ಹುರುಪಿಗೆ ಫೆಬ್ರವರಿ ಮೊದಲಲ್ಲೇ ಟೊಮೇಟೊ ಹಾಕಿದೆಯೋ, ಬೆಳಕು ಸಾಲದೆ ಸಸಿ ಉದ್ದುದ್ದ ಬೆಳೆದು ನಡು ಮುರಿದುಕೊಳ್ಳುತ್ತದೆ. ಹೊರಗೆ ನೆಡುವ ಮೊದಲು ವಾರ ಹತ್ತು ದಿನ ಗಾಳಿ ಬಿಸಿಲಿನ ರೂಢಿ ಮಾಡಿಸು: ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಆಮೇಲೆ ದಿನ ದಿನ ಹೆಚ್ಚಿಸುತ್ತಾ ಹೋಗು. ಇಲ್ಲಿಯ ಹಳಬರು ಮೇ ತಿಂಗಳ ವಿಕ್ಟೋರಿಯಾ ಡೇ ರಜೆಯವರೆಗೆ ನಾಜೂಕು ಗಿಡ ನೆಡುವುದಿಲ್ಲ. ಅದು ಮೇ 25ಕ್ಕೆ ಹಿಂದಿನ ಸೋಮವಾರ. ಆಗಲೂ ಅವರು ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಾರೆ. ನೀನೂ ನೋಡು. ತಣ್ಣನೆ ಮಣ್ಣಿನಲ್ಲಿ ಬೀನ್ಸ್ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಜೂನ್ ಮೊದಲ ವಾರ ಬೆಚ್ಚಗಿನ ಮಣ್ಣಿಗೆ ಬಿದ್ದ ಬೀಜ, ಮೇ ನಡುವೆ ತಣ್ಣನೆ ಮಣ್ಣಿಗೆ ಬಿದ್ದದ್ದನ್ನು ಹಿಂದೆ ಹಾಕಿ ಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸೆಪ್ಟೆಂಬರ್ ಬಂತೆಂದರೆ ಸಂಜೆ ಹವಾಮಾನ ನೋಡುವ ಅಭ್ಯಾಸ ಇಟ್ಟುಕೋ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯೇ ಅಪಾಯದ ರಾತ್ರಿ. ಮುನ್ಸೂಚನೆ 2 ಡಿಗ್ರಿ ಅಂದರೆ ನೆಲದ ಮಟ್ಟದಲ್ಲಿ ಸೊನ್ನೆಯೆಂದೇ ತಿಳಿ. ಸೂರ್ಯ ಮುಳುಗುವ ಮೊದಲೇ ಹಳೆಯ ಹೊದಿಕೆ, ಬೆಡ್‌ಶೀಟು ಹೊದಿಸು, ನೆಲದ ಶಾಖ ಅದರೊಳಗೆ ಉಳಿಯುತ್ತದೆ. ಬರಿ ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದರೆ ತಾಗಿದಲ್ಲೆಲ್ಲ ಸುಡುತ್ತದೆ. ಬೆಳಿಗ್ಗೆ ಬಿಸಿಲೇರಿದಾಗ ತೆಗೆ. ಮೊದಲ ಫ್ರಾಸ್ಟ್ ಆದ ಮೇಲೆ ಎರಡು ಮೂರು ವಾರ ಒಳ್ಳೆಯ ಬಿಸಿಲು ಬರುವುದು ಇಲ್ಲಿ ಸಾಮಾನ್ಯ, ಒಂದು ರಾತ್ರಿ ಹೊದಿಸಿದವರಿಗೆ ಆ ವಾರಗಳು ದಕ್ಕುತ್ತವೆ. ಆದರೆ ಹಟವೂ ಅತಿಯಾಗಬಾರದು. 2014ರ ಸೆಪ್ಟೆಂಬರಿನಲ್ಲಿ ಕ್ಯಾಲ್ಗರಿಯಲ್ಲಿ ಎಲೆ ತುಂಬಿದ ಮರಗಳ ಮೇಲೆ ಹಿಮ ಬಿದ್ದು ಕೊಂಬೆಗಳೇ ಮುರಿದವು. ಅಂಥ ಸೂಚನೆ ಕಂಡರೆ ಮುಚ್ಚುವ ಗೋಜಿಗೆ ಹೋಗದೆ ಎಲ್ಲವನ್ನೂ ಕೊಯ್ದುಬಿಡು. ಬಲಿತ ಹಸಿರು ಟೊಮೇಟೊ ಒಳಗೆ ಪೆಟ್ಟಿಗೆಯಲ್ಲಿಟ್ಟರೂ ಕೆಂಪಾಗುತ್ತದೆ, ಅದಕ್ಕೆ ಬಿಸಿಲು ಬೇಡ. ಕೆಂಪಾಗದ್ದು ಗೊಜ್ಜಿಗಾಯಿತು. ಫ್ರಾಸ್ಟ್ ತಿಂದ ಕಾಯಿ ಮಾತ್ರ ಮೆತ್ತಗಾಗಿ ಯಾವುದಕ್ಕೂ ಬರುವುದಿಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಮರೆಯಬೇಡ. ಒಂದು ನೋಟ್‌ಬುಕ್ ಇಡು. ಫೋನಿನಲ್ಲಿ ಬೇಡ, ಕೈಯಲ್ಲಿ ಬರೆ. ಯಾವ ದಿನ ಬಿತ್ತಿದೆ, ಯಾವ ದಿನ ಮೊಳಕೆ ಬಂತು, ಮೊದಲ ಹೂ ಯಾವತ್ತು, ಕೊನೆಯ ಫ್ರಾಸ್ಟ್ ಯಾವತ್ತು, ಯಾವ ತಳಿ ಕೈಕೊಟ್ಟಿತು. ಪೊಟ್ಟಣದಲ್ಲಿ ಬರೆದದ್ದು ಇನ್ಯಾರದೋ ತೋಟದ ಲೆಕ್ಕ. ನಾನು ಹೇಳಿದ್ದೂ ನನ್ನ ಹಿತ್ತಲಿನ ಲೆಕ್ಕ. ನಿನ್ನ ಬೇಲಿಯ ನೆರಳು, ನಿನ್ನ ಗಾಳಿ, ನಿನ್ನ ಮಣ್ಣು ಬೇರೆ. ನಾಲ್ಕೈದು ಬೇಸಿಗೆ ಹೋಗಲಿ, ಆ ನೋಟ್‌ಬುಕ್ಕಿನಷ್ಟು ಒಳ್ಳೆಯ ಗುರು ನಿನಗೆ ಬೇರೆಲ್ಲೂ ಸಿಗುವುದಿಲ್ಲ.

ಈ ವರ್ಷ ಹತ್ತು ಬೆಳೆ ಬೇಡ, ನಾಲ್ಕು ಸಾಕು: ಬೇಗ ಮಾಗುವ ಒಂದು ಟೊಮೇಟೊ, ಗಿಡ ಬೀನ್ಸ್, ಮೆಂತ್ಯ, ಮತ್ತು ಹಸಿರುಮನೆಯೊಳಗೆ ಹೆಬ್ಬಾಳ ಅವರೆ. ನಾಲ್ಕನ್ನೂ ಚೆನ್ನಾಗಿ ನೋಡಿಕೋ. ಬೀಜ ಚುರುಕಿನದನ್ನು ಆರಿಸು, ನೀನು ನಿಧಾನವಾಗಿರು. ಅವರೆ ಮೊದಲ ಕೊಯ್ಲು ಬಂದ ದಿನ ನನಗೆ ಫೋನ್ ಮಾಡು, ಹಿತಕಿದ ಬೇಳೆ ಸಾರು ಮಾಡುವುದು ಹೇಗೆ ಅಂತ ಹೇಳಿಕೊಡುತ್ತೇನೆ.